ಉದ್ದದ ರಾಡು, ಪುಟ್ಟ ರೀಲು ಮತ್ತು ನನ್ನ ತಮ್ಮನ ಬಲಗೈ

ಕಳೆದ ಶನಿವಾರ ಒಂದು ಅಂಗಡಿಯಲ್ಲಿ, ಅಂಗಡಿಯವರ ಎದುರಿಗೇ, ನನ್ನ ತಮ್ಮ ಮೋಹನ ನನಗೆ "ಬೇಡ" ಎಂದ. ಅವನಿಗೆ ಅರವತ್ತು ದಾಟಿದೆ. ನನ್ನ ಮುಖ ನೋಡಿಕೊಂಡು ಆ ಪದ ಹೇಳಿದ್ದು ಇದೇ ಮೊದಲು.

ಬೇಡ ಎಂದದ್ದು ಏನನ್ನು ಅಂತೀರಿ? ಗಾಳದ ದಾರ ಸುತ್ತುವ ರೀಲನ್ನು.

(ನಗಬೇಡಿ. ನಿವೃತ್ತ ಹೆಡ್‌ಮಿಸ್ಟ್ರೆಸ್ಸಿಗೆ ಗಾಳದ ಅಂಗಡಿಯಲ್ಲಿ ಏನು ಕೆಲಸ ಎಂದು ಬಸವೇಶ್ವರನಗರದ ನನ್ನ ವಾಕಿಂಗ್ ಗೆಳತಿಯರು ಈಗಾಗಲೇ ಕೇಳಿಯಾಗಿದೆ.)

ಮೋಹನನಿಗೆ ಗಾಳದ ಹುಚ್ಚು ಮೀಸೆ ಬಂದಾಗಿನಿಂದ ಇದೆ. ವಾರವೆಲ್ಲ ವಿಮಾ ಕಚೇರಿಯಲ್ಲಿ ಕೂತು, ಭಾನುವಾರ ಗಾಳದ ಕೋಲು, ಅವನ ಮಾತಿನಲ್ಲಿ ರಾಡು, ಹೆಗಲಿಗೇರಿಸಿ ಹೊರಡುತ್ತಿದ್ದ. ನಿವೃತ್ತಿಯಾದ ಮೇಲೆ ವಾರದಲ್ಲಿ ಭಾನುವಾರಗಳ ಸಂಖ್ಯೆ ಹೆಚ್ಚಾಯಿತು, ಅಷ್ಟೆ. ತಮಾಷೆಯೆಂದರೆ ನಮ್ಮ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ. ಹಿಡಿಯುತ್ತಾನೆ, ಒಂದು ಗಳಿಗೆ ಕಣ್ತುಂಬ ನೋಡುತ್ತಾನೆ, ನೀರಿಗೆ ಬಿಡುತ್ತಾನೆ. ಮೀನಿನ ಬಾಯಿ ಹರಿಯಬಾರದೆಂದು ಗಾಳದ ತುದಿಯಲ್ಲಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡಿರುತ್ತಾನೆ.

"ತಿನ್ನಲ್ಲ ಅಂದ್ಮೇಲೆ ಹಿಡಿಯೋದ್ಯಾಕೋ?" ಎಂದು ನಾನೊಮ್ಮೆ ಕೇಳಿದ್ದೆ.

"ನೀನು ದಿನಾ ಪೇಪರ್‌ನಲ್ಲಿ ಪದಬಂಧ ಬಿಡಿಸ್ತೀಯಲ್ಲ ಅಕ್ಕಾ, ಬಿಡಿಸಿದ್ಮೇಲೆ ಅದನ್ನ ತಿಂತೀಯಾ?" ಎಂದ. ನಾನು ಪೇಪರ್ ಮಡಚಿಟ್ಟೆ.

ಈ ಬೇಸಿಗೆಯಲ್ಲಿ ವಿಜಯನಗರದ ಅವನ ಮನೆಯ ಮೆಟ್ಟಿಲು ತೊಳೆದಿದ್ದರು. ಜಾರಿದ. ಬಲಗೈ ಊರಿದ. ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು. ಬೆರಳುಗಳು ಮಾತ್ರ ಮಾತು ಕೇಳಲಿಲ್ಲ. ರಬ್ಬರ್ ಚೆಂಡು ಹಿಸುಕಿ, ಕೈಗೆ ಕೆಲಸ ಕೊಡಿ ಎಂದು ಫಿಸಿಯೋಥೆರಪಿಯವರು ಹೇಳಿದರು. ಸರಿ, ಆದರೆ ಕೆಲಸ ಕೊಡಲು ನಾವು ಬಿಡಬೇಕಲ್ಲ? ಅವನ ಹೆಂಡತಿ ಸುಮಾ ಅನ್ನ ಕಲಸಿ ತಟ್ಟೆ ಮುಂದಿಡುತ್ತಿದ್ದಳು. ನಾನು ಹೋದಾಗಲೆಲ್ಲ ಅವನ ಶರ್ಟಿನ ಗುಂಡಿ ಹಾಕುತ್ತಿದ್ದೆ. ನೀರಿನ ಲೋಟಕ್ಕೆ ಅವನು ಕೈ ಚಾಚುವ ಮೊದಲೇ ನಮ್ಮಲ್ಲಿ ಯಾರೋ ಒಬ್ಬರು ಎತ್ತಿ ಕೊಡುತ್ತಿದ್ದೆವು. ಆ ಬಲಗೈ ಮಡಿಲಲ್ಲಿ ಸುಮ್ಮನೆ ಮಲಗುವುದನ್ನು ಕಲಿತುಬಿಟ್ಟಿತು.

ಒಂದು ಸಂಜೆ ಅವನು ಹೇಳಿದ: "ರಾಡುಗಳನ್ನೆಲ್ಲ ಮುನಿರಾಜುಗೆ ಕೊಟ್ಬಿಡ್ತೀನಿ ಅಕ್ಕಾ. ಇಟ್ಕೊಂಡು ಏನ್ ಮಾಡ್ಲಿ?" ಹೇಳಿ ನಕ್ಕ. ಶಾಲೆಯಲ್ಲಿ ಎಷ್ಟೋ ಮಕ್ಕಳು ಪರೀಕ್ಷೆಗೆ ಮುಂಚೆಯೇ ಸೋತು ಹೀಗೆ ನಗುವುದನ್ನು ನೋಡಿದ್ದೇನೆ. ನನಗೆ ಆ ನಗು ಆಗುವುದಿಲ್ಲ.

ಮುನಿರಾಜು ಅವನ ಗೆಳೆಯರು. ಕೆಂಗೇರಿಯಾಚೆ ಅವರ ಹೊಲದಂಚಿನಲ್ಲಿ ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ ಇದೆ. ಹೊಂಡದ ತುಂಬ ನೀರು. ಆ ನೀರು ಎಷ್ಟು ತಿಳಿ ಎಂದರೆ, ದಡದಿಂದ ಬಗ್ಗಿದರೆ ತಳದ ಕಲ್ಲುಗಳು ಕಾಣುತ್ತವೆ. ಕಲ್ಲುಗಳ ನಡುವೆ ಕೊರಮೀನು. ಮೋಹನನ ಸ್ವರ್ಗ ಅದು.

ಹೋದ ವಾರ ಅವನಿಂದ ಫೋನ್ ಬಂತು. ದನಿಯೇ ಬೇರೆ.

"ಅಕ್ಕಾ, ಒಂದು ದಾರಿ ಸಿಕ್ಕಿದೆ. ಅಂಗಡಿಗೆ ಬರ್ತೀಯಾ?"

ಆಗಿದ್ದಿಷ್ಟು. ಕೈ ಕೆಟ್ಟು ಮನೆಯಲ್ಲಿ ಕೂತವನು ಯೂಟ್ಯೂಬಿನಲ್ಲಿ ಬಾಸ್ ಮೀನು ಹಿಡಿಯುವ ಅಮೆರಿಕದವರನ್ನು ನೋಡಿದ್ದಾನೆ. ಬಾಸ್ ನಮ್ಮ ಕಡೆಯ ಮೀನಲ್ಲ. ಆದರೆ ಗಾಜಿನಂಥ ಸರೋವರದಲ್ಲಿ ಅದನ್ನು ಹಿಡಿಯುವ ಉಪಾಯ ಮುನಿರಾಜು ಅವರ ಹೊಂಡಕ್ಕೂ ಸರಿಹೊಂದುತ್ತದೆ ಎಂದು ಅವನ ವಾದ. ತಿಳಿನೀರಿನಲ್ಲಿ ನಾವು ಮೀನನ್ನು ನೋಡುವ ಮೊದಲು ಮೀನು ನಮ್ಮನ್ನು ನೋಡಿರುತ್ತದಂತೆ. ಆದ್ದರಿಂದ ದೂರ ನಿಲ್ಲಬೇಕು, ದೂರಕ್ಕೆ ಎಸೆಯಬೇಕು. ದಾರ ಕಾಣದಷ್ಟು ತೆಳುವಾಗಿರಬೇಕು. ತೆಳು ದಾರ ಸರಾಗವಾಗಿ ಬಿಚ್ಚಿಕೊಳ್ಳಲು ಸ್ಪಿನ್ನಿಂಗ್ ರೀಲು. ದೂರ ಹೋಗಲು ಉದ್ದದ ರಾಡು.

"ಇದರಲ್ಲಿ ನಿನ್ನ ಕೈಗೇನು ದಾರಿ?" ಎಂದೆ.

"ಬಾ, ತೋರಿಸ್ತೀನಿ."

ರೀಲು ನಾನು ಕೊಡಿಸುವುದೆಂದು ತೀರ್ಮಾನವಾಯಿತು. (ತೀರ್ಮಾನ ಮಾಡಿದವಳು ನಾನೇ.) ಅಂಗಡಿಯವರು ಎರಡು ರೀಲು ತೆಗೆದಿಟ್ಟರು. ಒಂದು ಪುಟ್ಟದು, ಒಂದು ಅದಕ್ಕಿಂತ ದೊಡ್ಡದು. ನನ್ನ ಕೈ ತಾನಾಗಿಯೇ ದೊಡ್ಡದರ ಕಡೆ ಹೋಯಿತು.

ಯಾಕೆ ಎಂದು ಕೇಳಬೇಡಿ. ನಮ್ಮಂಥ ಮನೆಗಳಲ್ಲಿ ಯಾರು ತಾನೆ ಅಳತೆಗೆ ಸರಿಯಾದದ್ದು ಕೊಂಡಿದ್ದಾರೆ? ಯೂನಿಫಾರಂ ಒಂದು ಸೈಜ್ ದೊಡ್ಡದು, ಬೆಳೆಯುವ ಮಗು. ಶೂ ಒಂದು ಸೈಜ್ ದೊಡ್ಡದು, ಮುಂದೆ ಹತ್ತಿ ತುರುಕಿದರಾಯಿತು. ಕುಕ್ಕರ್ ದೊಡ್ಡದು, ನೆಂಟರು ಬಂದರೆ? ಇಬ್ಬರೇ ಇರುವ ಮನೆಯಲ್ಲಿ ಫ್ರಿಜ್ಜು ಬಾಗಿಲಲ್ಲಿ ಹಿಡಿಸುವುದಿಲ್ಲ. ಪ್ರೀತಿ ಎಂದರೆ ನಮಗೆ ಒಂದು ಸೈಜ್ ದೊಡ್ಡದು.

"ಇದೇ ಇರ್ಲಿ ಕಣೋ, ಗಟ್ಟಿ ಇದೆ. ದಾರಾನೂ ಸ್ವಲ್ಪ ದಪ್ಪದ್ದೇ ತಗೋ. ಬಾಳಿಕೆ ಬರತ್ತೆ."

"ಬೇಡ ಅಕ್ಕಾ."

"ಯಾಕೆ ಬೇಡ? ಕೊಡಿಸೋಳು ನಾನು."

"ಅದಕ್ಕೇ ಹೇಳ್ತಿರೋದು, ಬೇಡ."

ಅಂಗಡಿಯವರು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮೋಹನ ಅಲ್ಲಿದ್ದ ಅತಿ ಉದ್ದದ ರಾಡು ತೆಗೆದುಕೊಂಡ. ದೊಡ್ಡ ರೀಲು ಸಿಕ್ಕಿಸಿ, ರಾಡಿನ ಹಿಡಿಯ ಮುಂಭಾಗವನ್ನು ಎಡಗೈಯ ಒಂದೇ ಬೆರಳ ಮೇಲೆ ಮಲಗಿಸಿದ. ರಾಡಿನ ಬುಡ ಧೊಪ್ಪನೆ ಕೆಳಗೆ ಬಾಗಿತು. ಅದನ್ನು ಬಿಚ್ಚಿ ಪುಟ್ಟದನ್ನು ಹಾಕಿದ. ರಾಡು ಬೆರಳ ಮೇಲೆ ತಕ್ಕಡಿಯ ದಂಡದಂತೆ ಮಟ್ಟವಾಗಿ ನಿಂತಿತು.

"ನೋಡು. ಉದ್ದದ ರಾಡಿಗೆ ರೀಲಿನ ತೂಕ ಸರಿತೂಗ್ಬೇಕು, ಹೊರೆ ಆಗ್ಬಾರ್ದು. ಇದನ್ನ ಎಡಗೈಲಿ ಗಂಟೆಗಟ್ಲೆ ಹಿಡೀಬಹುದು."

ಆಮೇಲೆ ತೋರಿಸಿದ್ದು ಅಸಲು ವಿಷಯ. ಸ್ಪಿನ್ನಿಂಗ್ ರೀಲು ತಿರುಗಿಸುವ ಹಿಡಿಯನ್ನು ಬಿಚ್ಚಿ ಯಾವ ಪಕ್ಕಕ್ಕೆ ಬೇಕಾದರೂ ಹಾಕಬಹುದು. ಇಷ್ಟು ವರ್ಷ ಅವನು ಬಲಗೈಯಲ್ಲಿ ರಾಡು ಹಿಡಿದು ಎಡಗೈಯಲ್ಲಿ ರೀಲು ತಿರುಗಿಸಿದವನು. ಈಗ ಹಿಡಿಯನ್ನು ಬಲಪಕ್ಕಕ್ಕೆ ಬದಲಿಸಿದ. ಭಾರ ಎಡಗೈಗೆ. ಬಲಗೈಗೆ ತಿರುಗಿಸುವುದೊಂದೇ ಕೆಲಸ. ಉದ್ದದ ರಾಡಿಗೆ ಬುಡವೂ ಉದ್ದ, ಎರಡೂ ಕೈಯಲ್ಲಿ ಹಿಡಿದು ಎಸೆಯಲು ಜಾಗ ಇರುತ್ತದೆ. ಎಡಗೈ ಬುಡವನ್ನು ಎಳೆದರೆ ಸಾಕು, ಬಲಗೈ ಬರೀ ಆಸರೆ.

"ಪೂರ್ತಿ ಎಡಗೈಯಲ್ಲೇ ಮಾಡೋ ಹಾಗಿಲ್ವಾ?" ಎಂದೆ.

"ಬಲಗೈಗೆ ಕೆಲಸ ಕೊಡೋಕ್ಕೇ ಅಲ್ವಾ ಅಕ್ಕಾ ಇಷ್ಟೆಲ್ಲ? ಭಾನುವಾರ ಈ ಕೈ ತಿರುಗಿಸ್ತು ಅಂದ್ರೆ ಸರಿ. ಇಲ್ಲಾಂದ್ರೆ ಎಲ್ಲಾ ಅಲ್ಲೇ ಮುನಿರಾಜುಗೆ ಕೊಟ್ಟು ಬರ್ತೀನಿ."

ಪುಟ್ಟ ರೀಲನ್ನೇ ಕೊಂಡೆವು. ಮೆಟ್ರೋದಲ್ಲಿ ಅವನ ಪಕ್ಕದ ಸೀಟು ಖಾಲಿ ಇದ್ದರೂ ನಾನು ದೂರ ಹೋಗಿ ಕೂತೆ.

ಭಾನುವಾರ ಬೆಳಿಗ್ಗೆ ಅವನು ಹೇಳಿದ ಸಮಯಕ್ಕೆ ಮುಂಚೆಯೇ ನಾನು ಗೇಟಿನಲ್ಲಿ ನಿಂತಿದ್ದೆ. ಕೋಪ ಬೇರೆ, ಸಮಯಪಾಲನೆ ಬೇರೆ.

ಕ್ವಾರಿಯಲ್ಲಿ ಮುನಿರಾಜು ನನ್ನ ಅರಿಶಿನ ಬಣ್ಣದ ಸೀರೆ ನೋಡಿ ಕೈಮುಗಿದರು. "ಅಕ್ಕಾವ್ರೇ, ನೀವು ಆ ಬಂಡೆ ಹಿಂದೆ ಕೂತ್ಕೊಂಬುಡಿ. ಈ ಸೀರೆ ಕಂಡ್ರೆ ಮೀನೆಲ್ಲ ಬಿಡದಿಗೋಗ್ತವೆ." ಕೂತೆ. ವಯಸ್ಸಾದ ಮೇಲೆ ಯಾರೋ ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು.

ಮೋಹನ ನೀರಿನಿಂದ ಸಾಕಷ್ಟು ಹಿಂದೆ ನಿಂತ. ಎರಡೂ ಕೈಯಲ್ಲಿ ರಾಡು ಎತ್ತಿ ಬೀಸಿದ. ಮೊದಲ ಎಸೆತ ಪೊದೆಗೆ. ಎರಡನೆಯದು ಮುನಿರಾಜು ಅವರ ಟೋಪಿಯ ಪಕ್ಕದಲ್ಲೇ ಹಾದುಹೋಯಿತು. "ನಾನು ಮೀನಲ್ಲ ಕಣಪ್ಪಾ!" ಎಂದರು ಅವರು. ಆಮೇಲಿನದು ಸರಿಹೋಯಿತು. ದಾರ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತ ಹೊಂಡದ ನಡುವಿನವರೆಗೂ ಹೋಯಿತು. ನನ್ನ ಕಣ್ಣಿಗೆ ದಾರವೇ ಕಾಣಲಿಲ್ಲ, ಇನ್ನು ಮೀನಿಗೇನು ಕಂಡೀತು?

ಬಲಗೈ ರೀಲಿನ ಹಿಡಿ ಹಿಡಿಯಿತು. ತಿರುಗಿಸಿತು. ನಿಂತಿತು. ಮತ್ತೆ ತಿರುಗಿಸಿತು. ಒಂದು ಮಗು ಮೊದಲ ಸಲ ಅ ಬರೆಯುವುದನ್ನು ನೋಡಿದ್ದೀರಾ? ಹಾಗೆ.

ಬಿಸಿಲು ಏರಿತು. ಅವನು ಎಸೆಯುತ್ತಲೇ ಇದ್ದ. ಒಂದು ಸಲವೂ ಬೇಸರಿಸಲಿಲ್ಲ. ಈ ತಾಳ್ಮೆ ನಮ್ಮ ಮನೆಯಲ್ಲಿ ಅವನಿಗೆ ಯಾರಿಂದ ಬಂತೋ, ನನ್ನಿಂದಂತೂ ಅಲ್ಲ.

ಇದ್ದಕ್ಕಿದ್ದಂತೆ ರಾಡು ಬಾಗಿತು.

"ಎಳೆಯೋ!" ಎಂದು ಬಂಡೆಯ ಹಿಂದಿನಿಂದ ಕೂಗಿದೆ.

ಅವನು ಎಳೆಯಲಿಲ್ಲ. ತೆಳು ದಾರವನ್ನು ಎಳೆದರೆ ಹರಿಯುತ್ತದೆ. ಮೀನು ಓಡಿದಷ್ಟು ದಾರವನ್ನು ರೀಲು ತಾನೇ ಬಿಟ್ಟುಕೊಡುವಂತೆ ಹದ ಮಾಡಿಟ್ಟಿದ್ದ. ಮೀನು ಓಡಿತು, ರೀಲು ಕಿರ್ರೆಂದಿತು. ಉದ್ದದ ರಾಡು ಬಿಲ್ಲಿನಂತೆ ಬಗ್ಗಿ ಪ್ರತಿ ಜಗ್ಗನ್ನೂ ತಾನೇ ನುಂಗಿಕೊಂಡಿತು. ಮೀನು ನಿಂತಾಗ ಇವನು ತಿರುಗಿಸಿದ. ಅದು ಓಡಿದಾಗ ಕಾದ.

ಆಗ ಬೆರಳುಗಳು ಜಾರಿದವು. ರೀಲಿನ ಹಿಡಿ ಕೈ ತಪ್ಪಿತು. ಬೆರಳು ಮಡಚಲು ನೋಡುತ್ತಾನೆ, ಮಡಚುತ್ತಿಲ್ಲ. ಮುಖದ ತುಂಬ ಬೆವರು. ನಾನು ಎದ್ದು ಓಡಿದೆ. ಇನ್ನೇನು ರೀಲಿಗೆ ಕೈ ಹಾಕಬೇಕು.

"ಮುಟ್ಬೇಡ ಅಕ್ಕಾ!"

ಗದರಿದ. ಹೌದು, ನನ್ನನ್ನು. ನನ್ನ ಎರಡು ಕೈಗಳು ಗಾಳಿಯಲ್ಲಿ ಹಾಗೇ ನಿಂತವು. ಅವನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡೆ.

ಅವನು ಎಡಗೈಯಲ್ಲಿ ರಾಡನ್ನು ಎತ್ತಿ ಹಿಡಿದೇ ಇದ್ದ. ಬಲಗೈಯನ್ನು ಒಮ್ಮೆ ಪ್ಯಾಂಟಿಗೆ ಒರೆಸಿದ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಒಂದೊಂದಾಗಿ ಹಿಡಿಯ ಮೇಲೆ ಕೂರಿಸಿದ. ತಿರುಗಿಸಿದ. ನಿಂತ. ತಿರುಗಿಸಿದ. ತಿಳಿನೀರಿನಲ್ಲಿ ಒಂದು ಕಪ್ಪು ನೆರಳು ಮೆಲ್ಲಗೆ ದೊಡ್ಡದಾಗುತ್ತ ದಡದ ಕಡೆ ಬಂತು.

ಮುನಿರಾಜು ಬಲೆಯ ಬುಟ್ಟಿಯಲ್ಲಿ ಎತ್ತಿದರು. ಒಳ್ಳೆ ಕೊರಮೀನು. ಮೋಹನ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿದ, ಅದೂ ಬಲಗೈಯಲ್ಲಿ, ಬಹಳ ಹೊತ್ತು ತೆಗೆದುಕೊಳ್ಳದೆ. ಮೀನನ್ನು ನೀರಿನಲ್ಲಿ ಹಿಡಿದು ನಿಲ್ಲಿಸಿದ. ಅದು ಒಮ್ಮೆ ಬಾಲ ಬೀಸಿ ಕಲ್ಲುಗಳ ನಡುವೆ ಮಾಯವಾಯಿತು.

"ಹಂಗಾದ್ರೆ ನಂಗೆ ರಾಡು ಬರಕ್ಕಿಲ್ಲ ಅನ್ನು," ಎಂದರು ಮುನಿರಾಜು.

"ಸದ್ಯಕ್ಕೆ ಇಲ್ಲಪ್ಪಾ," ಎಂದ ಮೋಹನ.

ಅಷ್ಟರಲ್ಲಿ ಸುಮಾ ಫೋನ್ ಮಾಡಿದಳು. "ಏನಾಯ್ತು ಅತ್ತಿಗೆ? ಕೈ ಹೇಗಿದೆ? ನೀವು ಜೊತೆಗಿದ್ದು ಸಹಾಯ ಮಾಡಿದ್ರಿ ತಾನೆ?"

ಏನೂ ಮಾಡಲಿಲ್ಲ ಎಂದೆ. ನಿಜವೇ ಹೇಳಿದ್ದು. ಆದರೆ ಸೆರಗಿನೊಳಗೆ ನನ್ನ ಎರಡೂ ಕೈ ನೋಯುತ್ತಿದ್ದವು. ನಮ್ಮವರು ಕಣ್ಣೆದುರಿಗೆ ಒದ್ದಾಡುವಾಗ ಕೈ ಕಟ್ಟಿ ನಿಲ್ಲುವುದು ಇಷ್ಟು ದೊಡ್ಡ ಕೆಲಸ ಎಂದು, ಜೀವನವಿಡೀ ಪಾಠ ಹೇಳಿದ ನನಗೆ ಯಾರೂ ಯಾಕೆ ಹೇಳಿಕೊಡಲಿಲ್ಲ?