ಅಕ್ಕನ ಮನೆಯ ಬಿಳಿ ಗೋಡೆ

ನಮ್ಮಕ್ಕ ಟೈಲರು. ಕೊರಳಿಗೆ ಅಳತೆ ಟೇಪು ಹಾಕ್ಕೊಂಡೇ ಹುಟ್ಟಿದಳೇನೋ ಅಂತ ನಾವು ರೇಗಿಸ್ತೀವಿ. ಅವಳ ಮಗಳಿಗೆ ಒಂಬತ್ತು ವರ್ಷ. ಅಂಗೈಲಿ ಯಾವಾಗಲೂ ಒಂದು ಅಂಗಿ ಗುಂಡಿ ಹಿಡಿದಿರ್ತಾಳೆ, ಅದಕ್ಕೇ ಮನೆಯವರೆಲ್ಲ ಬಟನ್ನು ಅಂತಲೇ ಕರೀತೀವಿ. ಗದ್ದಲ, ಕಣ್ಣು ಕುಕ್ಕೋ ಬಣ್ಣ, ಹೊಸ ಮುಖ, ಮೂರೂ ಅವಳಿಗೆ ಆಗಿಬರಲ್ಲ. ಎರಡು ವರ್ಷ ಶಾಲೆಗೆ ಹೋದಳು. ಎರಡು ವರ್ಷವೂ ಬೆಂಚಿನ ಕೆಳಗೇ ಕೂತಳು. ಕೊನೆಗೆ ಅಕ್ಕ, ಇನ್ನು ಮನೇಲೇ ಕಲಿಸ್ತೀನಿ ಅಂತ ಅರ್ಜಿ ಹಾಕಿದಳು. ಸೋಮವಾರ ಶಿಕ್ಷಣ ಇಲಾಖೆ ಕಚೇರಿಯಿಂದ ಒಬ್ಬರು ಮೇಡಂ ಬಂದು ನೋಡ್ತಾರಂತೆ. ಅವರು ಒಪ್ಪದಿದ್ದರೆ ಮತ್ತೆ ಅದೇ ಬೆಂಚು.

ನಾನು ಬೋರ್ಡು ಬರೆಯೋ ಪೇಂಟರು. ತಮ್ಮ ಅಂತ ನಾನೊಬ್ಬ ಇರುವಾಗ ಚಿಂತೆ ಯಾಕೆ ಅಂತ ತೋಳೇರಿಸಿದೆ. ಅಕ್ಕ ಗಿರಾಕಿ ಮನೆಗೆ ಹೋಗಿದ್ದೇ ತಡ, ಮುಂದಿನ ಕೋಣೆ ಗೋಡೆ ಪೂರ್ತಿ ಬಳಿದುಬಿಟ್ಟೆ. ಹಳದಿ ಆನೆ, ಕೆಂಪು ಅಂಕಿ, ಅ ಆ ಇ ಈ ಒಂದೊಂದೂ ಮೊಳ ಎತ್ತರ. ಸಾಲದ್ದಕ್ಕೆ ಬಾಗಿಲಿಗೆ ಗಂಟೆ ಬೇರೆ ಕಟ್ಟಿದೆ.

ಬಟನ್ನು ಬಂದು ನೋಡಿದಳು. ಎರಡೂ ಕಣ್ಣು ಮುಚ್ಕೊಂಡು ಸೀದಾ ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ ನುಗ್ಗಿದಳು. ಊಟಕ್ಕೂ ಈಚೆ ಬರಲಿಲ್ಲ.

ಅಕ್ಕ ಬಂದವಳು ಗೋಡೆ ನೋಡಿದಳು, ಮೇಜಿನ ಕೆಳಗೆ ನೋಡಿದಳು, ನನ್ನ ಮುಖ ನೋಡಿದಳು.

"ಶಾಲೆ ಬಿಡಿಸ್ಕೊಂಡು ಬಂದೆ. ನೀನು ಅದನ್ನೇ ಮನೆಗೆ ತಂದಿಟ್ಟೆಯಲ್ಲೋ."

ಬೈದಿದ್ದರೆ ತಡ್ಕೋತಿದ್ದೆ, ಮೆತ್ತಗೆ ಹೇಳಿದಳು. ಸುಳ್ಳು ಯಾಕೆ, ನನಗೆ ಕೋಪವೂ ಬಂತು, ನಾಚಿಕೆಯೂ ಆಯ್ತು. ಗೊಣಗುತ್ತಲೇ ಎಲ್ಲದರ ಮೇಲೂ ಬಿಳಿ ಬಣ್ಣ ಹೊಡೆದೆ. ಆ ಹಾಳಾದ ಆನೆ ಒಂದೇ ಮೂರು ಕೋಟು ತಿಂತು.

ಅಕ್ಕ ಆ ಕೋಣೇಲಿ ಇಟ್ಟಿದ್ದು ಗುಂಡಿಗಳ ಡಬ್ಬಿ, ಒಂದು ಟೇಪು, ತನ್ನ ಹಳೇ ಅಳತೆ ಪುಸ್ತಕ, ಅಷ್ಟೇ. ಗಂಟೆ ಬಿಚ್ಚಿ ನನ್ನ ಕೈಗೇ ಕೊಟ್ಟಳು. ಬಟನ್ನು ಮೆಲ್ಲಗೆ ಈಚೆ ಬಂದಳು. ಕುರ್ಚಿ ಅಳೆದಳು, ಬೆಕ್ಕನ್ನು ಅಳೆದಳು, ನನ್ನ ಹೊಟ್ಟೆಯನ್ನಂತೂ ನಂಬಿಕೆ ಸಾಲದೆ ಎರಡು ಸಲ ಅಳೆದಳು. ಎಲ್ಲ ಪುಸ್ತಕದಲ್ಲಿ ಬರೆದಿಟ್ಟಳು.

ಸೋಮವಾರ ಮೇಡಂ ಬಂದರು. ಅವರ ದನಿ ಕೇಳಿದ್ದೇ ತಡ, ಬಟನ್ನು ಮತ್ತೆ ಮೇಜಿನ ಕೆಳಗೆ. ಮೇಡಂ ಖಾಲಿ ಗೋಡೆ ನೋಡಿ, ಪಾಠಕ್ಕೆ ಏನು ತಯಾರಿ ಮಾಡ್ಕೊಂಡಿದ್ದೀರಿ ಅಂತ ಕೇಳಿದರು. ನಾನಂತೂ ಆನೆಯನ್ನು ನೆನೆಸ್ಕೊಂಡು ಹೊಟ್ಟೆ ಉರ್ಕೊಂಡೆ. ಅಕ್ಕ ಡಬ್ಬಿ ತೋರಿಸಿದಳು, ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ ಅಂತ ಕೇಳ್ಕೊಂಡಳು. ಆ ಪುಣ್ಯಾತ್ಗಿತ್ತಿ ನೆಲದ ಮೇಲೇ ಕೂತರು.

ಹತ್ತು ನಿಮಿಷ ಕಳೀತು. ಆಮೇಲೆ ಮೇಜಿನ ಕೆಳಗಿಂದ ಟೇಪು ಬಂತು, ಅದರ ಹಿಂದೆ ಬಟನ್ನು. ಮೇಡಂ ಕೋಟಿನ ಎರಡೂ ತೋಳು ಅಳೆದಳು, ಬರೆದಳು, ಒಂದರಿಂದ ಒಂದನ್ನು ಕಳೆದಳು.

"ಎಡಗಡೆ ಅರ್ಧ ಇಂಚು ಉದ್ದ," ಅಂದಳು.

ಮೇಡಂ ಎರಡೂ ಕೈ ಮುಂದೆ ಚಾಚಿ ನೋಡ್ಕೊಂಡು ನಕ್ಕುಬಿಟ್ಟರು. ಅಲ್ಲೇ ಕೂತು ಸಹಿ ಹಾಕಿದರು. ಅಕ್ಕ ಅತ್ತಳು. ನಾನೂ ಅತ್ತೆ, ಮುಚ್ಚಿಡೋದೇನು.

ಅವರು ಹೋದಮೇಲೆ ಬಟನ್ನು ನನ್ನ ಕುಂಚ ತಂದು ಕೈಗಿಟ್ಟಳು. ತನ್ನ ಕಣ್ಣಿನ ಎತ್ತರಕ್ಕೆ ಗೋಡೆ ಮೇಲೆ ಗುಂಡಿ ಒತ್ತಿ ಹಿಡಿದಳು.

"ಮಾವ, ಇಷ್ಟೇ."

ಗುಂಡಿಯಷ್ಟಗಲದ ಒಂದು ಕಪ್ಪು 'ಅ' ಬರೆದೆ. ಮಾರನೇ ದಿನ ಹೋದಾಗ, ಅದರ ಪಕ್ಕದಲ್ಲಿ ಗೋಡೆಗೆ ಗುಂಡಿ ಒತ್ತಿ ಹಿಡ್ಕೊಂಡು ಅವಳು ನನಗೋಸ್ಕರ ಕಾಯ್ತಾ ನಿಂತಿದ್ದಳು.