ಸಗಣಿ ಸಾರಿಸಿದ ಅಂಗಳ

ತೊಂಬತ್ತರ ದಶಕದಲ್ಲಿ ಯಳಂದೂರಿನಿಂದ ಕಾಫಿ ಬೀಜದ ಮಾದರಿಗಳನ್ನು ವಿದೇಶದ ವ್ಯಾಪಾರಿಗಳ ಸಂಘವೊಂದಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಅವರು ರುಚಿ ನೋಡಿ ಅಂಕ ಕೊಡದಿದ್ದರೆ ಹೊರದೇಶದಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಬೆಟ್ಟದ ಹೆಂಗಸೊಬ್ಬಳ ಬೀಜವನ್ನು ಅವರು 'ಸಗಣಿ ವಾಸನೆ' ಎಂದು ಬರೆದು ತಿರಸ್ಕರಿಸಿದರು. ದೂರದೇಶಕ್ಕೆ ಹೋಗುವ ಬೀಜವೆಂದು ಆಕೆ ಅಂಗಳವನ್ನು ಹಸಿ ಸಗಣಿಯಿಂದ ಸಾರಿಸಿ ಅದರ ಮೇಲೇ ಒಣಗಿಸಿದ್ದಳು. ಆ ಅಂಗಳ ನೋಡಿ ಮೆಚ್ಚಿ ಬಂದವನು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ?

"ಏನಂದ್ರು ಸಾ?" ಎಂದಳು.

"ಶುಚಿ ಸಾಲದಂತೆ ಕಣಮ್ಮ," ಎಂದಷ್ಟೇ ಹೇಳಿ ಕಾಗದ ಮಡಚಿಟ್ಟೆ. ಹೇಡಿ ನಾನು.

ಮರುವರ್ಷ ಆಕೆ ನಗುತ್ತಲೇ ಚೀಲ ತಂದಿಟ್ಟಳು. "ಈ ಸಲ ಅವ್ರು ಏನೂ ಅನ್ನಂಗಿಲ್ಲ ಬುಡಿ ಸಾ. ದಿನಾ ಹೊಸ ಸಗಣೀಲಿ ಸಾರ್ಸಿ ಒಣಗಾಕಿವ್ನಿ."