ನಾನು ನಾರ್ಮಲ್ ಎಂದು ಓದಿದ ಅಂಕಿ

ಕೋವಿಡ್ ಅಲೆಗಳು ತಣ್ಣಗಾದ ಮರುವರ್ಷ. ಮತ್ತಿಕೆರೆಯಲ್ಲಿ ಕುಟುಂಬ ವೈದ್ಯೆಯಾಗಿ ನಾನು ಕ್ಲಿನಿಕ್ ತೆರೆದು ಆಗ ಇಪ್ಪತ್ತಾರು ವರ್ಷವಾಗಿತ್ತು. ನಮ್ಮ ನೋಂದಣಿ ನವೀಕರಣವಾಗಬೇಕಾದರೆ ಇಂತಿಷ್ಟು ಗಂಟೆ ಸಿಎಂಇ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣದ ತರಗತಿಗಳಲ್ಲಿ ಕುಳಿತಿರಬೇಕು. ನನಗೆ ಇನ್ನೂ ಆರು ಗಂಟೆ ಕಡಿಮೆ ಬಿದ್ದಿತ್ತು. ಹೆಬ್ಬಾಳದ ಹೋಟೆಲೊಂದರಲ್ಲಿ ಭಾನುವಾರ ಪ್ರಾಸ್ಟೇಟ್ ಕ್ಯಾನ್ಸರ್ ಕುರಿತ ಸಿಎಂಇ ಇದೆಯೆಂದು ತಿಳಿದು ಹೆಸರು ಬರೆಸಿದೆ. ವಿಷಯದ ಮೇಲಿನ ಆಸಕ್ತಿಯಿಂದಲ್ಲ.

ಮುಂದಿನ ಸಾಲುಗಳಲ್ಲಿ ಯೂರಾಲಜಿಸ್ಟ್‌ಗಳು, ಅಂದರೆ ಮೂತ್ರರೋಗ ತಜ್ಞರು, ಮತ್ತು ಕ್ಯಾನ್ಸರ್ ತಜ್ಞರು. ನಾನು ಹಿಂದೆ ಕುಳಿತು ಮೊಬೈಲ್ ನೋಡುತ್ತಿದ್ದೆ. ಎರಡನೆಯ ಉಪನ್ಯಾಸ ಪಿಎಸ್ಎ ಬಗ್ಗೆ. ಇದು ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಪ್ರೋಟೀನು. ನಾಲ್ಕರ ಮೇಲೆ ಏರಿದರೆ ಕ್ಯಾನ್ಸರ್ ಇದೆಯೇ ಎಂದು ಹುಡುಕಬೇಕಾಗುತ್ತದೆ. ಉಪನ್ಯಾಸಕರು ಸಭೆಯನ್ನೇ ಕೇಳಿದರು:

"ಪ್ರಾಸ್ಟೇಟ್ ಕುಗ್ಸೋ ಮಾತ್ರೆ ವರ್ಷಗಟ್ಲೆ ತಗೊಳ್ತಿರೋ ಪೇಷೆಂಟು. ಪಿಎಸ್ಎ ಮೂರೂವರೆ. ನಾರ್ಮಲ್ ಅಂತೀರಾ?"

ನಾನು ಮನಸ್ಸಿನಲ್ಲೇ ಹೌದು ಎಂದೆ.

"ಆ ಮಾತ್ರೆ ಪಿಎಸ್ಎನ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸತ್ತೆ. ಬಂದ ಅಂಕಿನ ಎರಡರಿಂದ ಗುಣಿಸಿ ಓದಿ. ಇಳಿದಿದ್ದು ಮತ್ತೆ ಏರ್ತಾ ಇದ್ರೆ, ನಾಲ್ಕರ ಒಳಗಿದ್ರೂ ಬಿಡ್ಬೇಡಿ."

ಮೊಬೈಲ್ ಕೆಳಗಿಟ್ಟೆ. ಶಿವಪುತ್ರಪ್ಪನವರ ನೆನಪಾಯಿತು.

ಬಾಗಲಕೋಟೆ ಕಡೆಯವರು. ನಮ್ಮ ಬಡಾವಣೆಯ ಪಕ್ಕದ ಇಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಹುಡುಗರಿಗೆ ಲೋಹ ಕಡೆಯುವ ಲೇಥ್ ಯಂತ್ರದ ಕೆಲಸ ಕಲಿಸುತ್ತಿದ್ದರು. ಮೂರು ವರ್ಷದ ಹಿಂದೆ, ಐವತ್ತಾರರ ವಯಸ್ಸಿನಲ್ಲಿ, ಮೂತ್ರ ಕಟ್ಟಿದಂತಾಗುತ್ತದೆ ಎಂದು ಬಂದಿದ್ದರು. ಪ್ರಾಸ್ಟೇಟನ್ನು ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡುವುದು ಮೊದಲ ಪರೀಕ್ಷೆ. ಹೇಳಿದಾಗ ಅವರು ಮುಖ ತಗ್ಗಿಸಿದರು.

"ಬ್ಯಾಡ್ರಿ ಡಾಕ್ಟರಮ್ಮಾ, ಅದೆಲ್ಲಾ ಬ್ಯಾಡ. ರಕ್ತ ತಗೊಂಡು ನೋಡ್ರಿ, ಸಾಕು."

ನಾನು ಒತ್ತಾಯಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಗುರವೆನಿಸಿತ್ತು. ರಕ್ತಪರೀಕ್ಷೆ ಮಾಡಿಸಿ, ವಯಸ್ಸಿಗೆ ಊದಿದ ಗ್ರಂಥಿಯೆಂದುಕೊಂಡು ಅದನ್ನು ಕುಗ್ಗಿಸುವ ಮಾತ್ರೆ ಬರೆದೆ. ಮೂತ್ರ ಸರಾಗವಾಯಿತು, ಅವರು ಖುಷಿಯಾದರು.

ಊಟಕ್ಕೆ ನಿಲ್ಲದೆ ಕ್ಲಿನಿಕ್‌ಗೆ ಬಂದು ಅವರ ಫೈಲ್ ತೆಗೆದೆ. ಮಾತ್ರೆಗೆ ಮೊದಲು ಪಿಎಸ್ಎ 2.8. ಒಂದು ವರ್ಷದ ಮೇಲೆ 1.2. ಆಮೇಲೆ 2.1. ಕೊನೆಯದು, ಐದು ತಿಂಗಳ ಹಿಂದಿನದು, 3.4. ಪ್ರಯೋಗಾಲಯದವರು ಮಿತಿ ಮೀರಿದ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಇವ್ಯಾವುವೂ ದಪ್ಪಗಿರಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ನನ್ನದೇ ಕೈಬರಹದಲ್ಲಿ "ನಾರ್ಮಲ್" ಎಂದಿತ್ತು. ಅದೇ ಪುಟದಲ್ಲಿ ಇನ್ನೊಂದು ಸಾಲು: ಸೊಂಟನೋವು, ದಿನವಿಡೀ ನಿಂತು ಕೆಲಸ, ನೋವಿನ ಮಾತ್ರೆ.

ಮರುದಿನ ಬೆಳಿಗ್ಗೆ ಅವರನ್ನು ಕರೆಸಿದೆ. ಈ ಸಲ ಬಿಡಲಿಲ್ಲ. ಮೆತ್ತಗಿರಬೇಕಾದ ಗ್ರಂಥಿಯ ಬಲಭಾಗ ಬೆರಳ ಗೆಣ್ಣಿನಷ್ಟು ಗಟ್ಟಿಯಾಗಿ ಕೈಗೆ ಸಿಕ್ಕಿತು. ಎಂಆರ್‌ಐ, ಬಯಾಪ್ಸಿ, ಮೂಳೆಗಳ ಸ್ಕ್ಯಾನ್ ಆಗುವಷ್ಟರಲ್ಲಿ ಮೂರು ವಾರ ಕಳೆಯಿತು. ಉಗ್ರ ಸ್ವರೂಪದ ಕ್ಯಾನ್ಸರು. ಸೊಂಟದ ಮೂಳೆಗೂ ಬೆನ್ನುಮೂಳೆಯ ಎರಡು ಕಡೆಗೂ ಹಬ್ಬಿತ್ತು. ವರ್ಷದ ಹಿಂದೆ ಸಿಕ್ಕಿದ್ದರೆ ಗ್ರಂಥಿಯೊಳಗೇ ಇರುತ್ತಿತ್ತೇ ಎಂದು ಕ್ಯಾನ್ಸರ್ ತಜ್ಞರನ್ನು ಕೇಳಿದೆ. "ಖಚಿತವಾಗಿ ಹೇಳೋಕಾಗಲ್ಲ. ಇದ್ದಿರಬಹುದು," ಎಂದರು.

ನನ್ನ ತಪ್ಪನ್ನು ಮನೆಯವರಿಗೆ ಹೇಳಬೇಕೆಂದಿದ್ದೇನೆ ಎಂದಾಗ ನನ್ನ ಪರಿಚಯದ ಯೂರಾಲಜಿಸ್ಟ್ ಒಬ್ಬರು ಫೋನಿನಲ್ಲಿ ಬುದ್ಧಿ ಹೇಳಿದರು: "ನೀವಾಗಿ ಯಾಕ್ ಹೇಳ್ಕೋತೀರಾ ಮೇಡಂ? ಕಾಯಿಲೆ ಬಂತು, ನೀವು ಕಂಡುಹಿಡಿದ್ರಿ. ಅಷ್ಟಕ್ಕೇ ಬಿಡಿ." ಎರಡು ದಿನ ಆ ಮಾತು ನನಗೆ ಹಿತವಾಗಿಯೇ ಇತ್ತು. ಮೂರನೆಯ ದಿನ ಶಿವಪುತ್ರಪ್ಪನವರ ಹೆಂಡತಿ ನೀಲವ್ವ ಫೋನು ಮಾಡಿ, ನಿಮ್ಮಿಂದಲೇ ಗೊತ್ತಾಯಿತು, ಪುಣ್ಯ ಬರಲಿ ಎಂದರು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಂದೇ ಸಂಜೆ ಅವರ ಮನೆಗೆ ಹೋದೆ.

ಅಂಕಿಗಳನ್ನು ಒಂದೊಂದಾಗಿ ಹೇಳಿದೆ, ಯಾವುದನ್ನು ಹೇಗೆ ಓದಬೇಕಿತ್ತು ಎಂಬುದನ್ನೂ ಹೇಳಿದೆ. ನೀಲವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮೂರು ವರ್ಷ ನಿಮ್ಮನ್ನ ನಂಬಿ ಬಂದೇವ್ರಿ," ಎಂದರು. "ಬ್ಯಾರೆ ಡಾಕ್ಟರ್ ಕಡೆ ಒಮ್ಮಿನೂ ಹೋಗ್ಲಿಲ್ಲ." ಆಮೇಲೆ ಎದ್ದು ಒಳಗೆ ಹೋದರು.

ಶಿವಪುತ್ರಪ್ಪ ಕೇಳಿದರು: "ನೀವು ಆ ಕ್ಲಾಸಿಗೆ ಹೋಗದಿದ್ರ, ನನಗ ಯಾವಾಗ ಗೊತ್ತಾಗ್ತಿತ್ರಿ?"

"ಬೆನ್ನುಮೂಳೆ ಕುಸಿದು ಕಾಲಿನ ಸ್ವಾಧೀನ ತಪ್ಪಿದಾಗ," ಎಂದೆ.

ಅವರು ಮತ್ತೆ ನನ್ನ ಕ್ಲಿನಿಕ್‌ಗೆ ಬರಲಿಲ್ಲ. ಹಾರ್ಮೋನ್ ಇಂಜೆಕ್ಷನ್, ಕೀಮೋ ಎಲ್ಲ ಆಸ್ಪತ್ರೆಯಲ್ಲಿ ನಡೆಯಿತು. ಆ ತಿಂಗಳು ನಾನು ಅದೇ ಮಾತ್ರೆ ಬರೆದಿದ್ದ ಎಲ್ಲರ ಫೈಲುಗಳನ್ನೂ ತೆಗೆದು ನೋಡಿದೆ. ಮೂವತ್ತೊಂದು ಜನ. ಇಬ್ಬರ ಅಂಕಿ ಹೀಗೆಯೇ ಏರುತ್ತಿತ್ತು. ಒಬ್ಬರಿಗೆ ಏನೂ ಇರಲಿಲ್ಲ. ಸಂಜಯನಗರದ ಇನ್ನೊಬ್ಬರಿಗೆ ಕ್ಯಾನ್ಸರ್ ಗ್ರಂಥಿಯೊಳಗೇ ಇತ್ತು, ಶಸ್ತ್ರಚಿಕಿತ್ಸೆಯಾಯಿತು. ಅವರು ಸಿಹಿ ತಂದುಕೊಟ್ಟಾಗ ನನಗೆ ತಿನ್ನಲಾಗಲಿಲ್ಲ.

ಸುಮಾರು ಒಂದೂವರೆ ವರ್ಷದ ಮೇಲೆ ಯಲಹಂಕದ ಕುಟುಂಬ ವೈದ್ಯರ ಸಿಎಂಇಯಲ್ಲಿ ಮಾತನಾಡಲು ಕರೆ ಬಂತು. ಇದೇ ಪ್ರಕರಣವನ್ನು ಮುಂದಿಡಬೇಕೆನಿಸಿತು. ಅನುಮತಿ ಕೇಳಲು ಅವರ ಮನೆಗೆ ಎರಡನೇ ಸಲ ಹೋದೆ. ಶಿವಪುತ್ರಪ್ಪ ಮಂಚದ ಮೇಲಿದ್ದರು, ಅರ್ಧದಷ್ಟು ಇಳಿದುಹೋಗಿದ್ದರು. ನಾನು ಕೇಳಿದ್ದಕ್ಕೆ ಎಡಗೈ ಎತ್ತಿ ತೋರಿಸಿದರು. ತೋರುಬೆರಳ ತುದಿ ಇರಲಿಲ್ಲ. ಇಷ್ಟು ವರ್ಷ ನೋಡಿದರೂ ನಾನದನ್ನು ಕೇಳಿರಲಿಲ್ಲ.

"ಇದು ಲೇಥಿನ್ಯಾಗ ಹೋತ್ರಿ. ಪ್ರತಿ ವರ್ಷ ಹೊಸಾ ಹುಡುಗರಿಗೆ ಮೊದಲ್ನೇ ದಿನ ಇದನ್ನ ತೋರಿಸ್ತಿದ್ದೆ. ಯಂತ್ರ ಕೆಟ್ಟಿತ್ತು ಅಂತ ಹೇಳ್ತಿರ್ಲಿಲ್ಲ. ನಾ ಎಲ್ಲಿ ತಪ್ಪಿದೆ ಅಂತ ಹೇಳ್ತಿದ್ದೆ. ನೀವೂ ಹಂಗ ಹೇಳ್ರಿ. ನನ್ನ ಹೆಸರು ಬ್ಯಾಡ. ನಿಮ್ಮ ಹೆಸರು ಇರ್ಲಿ."

ಹಾಗೆಯೇ ಹೇಳಿದೆ. ಮುಟ್ಟಿ ನೋಡದೆ ಬಿಟ್ಟದ್ದನ್ನು, ಬಿಟ್ಟಾಗ ಹಗುರವೆನಿಸಿದ್ದನ್ನೂ ಹೇಳಿದೆ. ನಾಲ್ಕು ತಿಂಗಳ ಮೇಲೆ ಶಿವಪುತ್ರಪ್ಪ ತೀರಿಕೊಂಡ ಸುದ್ದಿ ಔಷಧಿ ಅಂಗಡಿಯವರಿಂದ ತಿಳಿಯಿತು. ಹೋದೆ. ನೀಲವ್ವ ನನ್ನನ್ನು ನೋಡಿದರು, ಎದ್ದು ಒಳಗೆ ಹೋದರು.

ಈಗಲೂ ಗಂಡಸರು ಪರೀಕ್ಷೆ ಬೇಡವೆನ್ನುತ್ತಾರೆ. ಕುರ್ಚಿ ಹತ್ತಿರಕ್ಕೆಳೆದು ಕಾರಣ ಹೇಳುತ್ತೇನೆ, ಮತ್ತೊಮ್ಮೆ ಕೇಳುತ್ತೇನೆ. ರೋಗಿಯ "ಬೇಡ" ನನಗೂ ಅನುಕೂಲವೆನಿಸಿದ ಕ್ಷಣವೇ ನಾನು ಹೆಚ್ಚು ಎಚ್ಚರವಾಗಿರಬೇಕಾದ ಕ್ಷಣ. ಈ ಕೆಲಸ ನನಗೆ ಕಲಿಸಿದ್ದು ಇದು. ಕಲಿತದ್ದು ನಾನು, ಅದಕ್ಕೆ ಬೆಲೆ ತೆತ್ತವರು ಶಿವಪುತ್ರಪ್ಪ.